ನಡುವೆ ಉಳಿದ ನೂರು ಅಡಿ: ದುರ್ಗ–ದಾವಣಗೆರೆ ಆಕಾಶದ ಸಂಚಾರ ನಿಯಮ

ಜಗಳೂರು ಸೀಮೆಯ ಮೆಕ್ಕೆಜೋಳದ ಹೊಲದಲ್ಲಿ ಸೈನಿಕ ಹುಳುವಿಗೆ ಔಷಧಿ ಹೊಡೆಯುವ ಡ್ರೋನ್ ಬೆಳೆಯ ಸುಳಿಯಿಂದ ಎರಡು–ಮೂರು ಮೀಟರ್ ಮೇಲೆ ಹಾರುತ್ತದೆ. ಹೆದ್ದಾರಿ, ಕಾಲುವೆ, ಗಾಳಿಯಂತ್ರಗಳ ಸರ್ವೆಗೆ ಬರುವ ಡ್ರೋನ್ 80ರಿಂದ 100 ಮೀಟರ್‌ವರೆಗೆ ಏರುತ್ತದೆ. ಚುನಾವಣೆ, ಸಮಾವೇಶ, ತುರ್ತು ಚಿಕಿತ್ಸೆ ಎಂದು ಬಂದಿಳಿಯುವ ಹೆಲಿಕಾಪ್ಟರ್ ಅದಕ್ಕಿಂತ ಕೊಂಚವೇ ಮೇಲೆ. ಹದಿನೈದು ವರ್ಷದ ಹಿಂದೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕೆಳ ಆಕಾಶದಲ್ಲಿ ಹದ್ದು ಮತ್ತು ಗಾಳಿಪಟ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಈಗ ಅಲ್ಲಿ ಸಂಚಾರವಿದೆ. ಆದರೆ ಸಂಚಾರದ ನಿಯಮ ಗೊತ್ತಿರುವವರು ಹೆಲಿಕಾಪ್ಟರ್ ಒಳಗೆ ಕುಳಿತವರು ಮಾತ್ರ. ಕೆಳಗೆ ರಿಮೋಟ್ ಹಿಡಿದವರಲ್ಲಿ ಬಹಳಷ್ಟು ಮಂದಿಗೆ ಡ್ರೋನ್ ಹಾರಿಸುವುದು ಗೊತ್ತು, ಅದು ಯಾರ ದಾರಿಯಲ್ಲಿ ಹಾರುತ್ತಿದೆ ಎಂಬುದು ಗೊತ್ತಿಲ್ಲ.

ಎರಡು ಅಂಕಿಗಳಿಂದ ಶುರು ಮಾಡೋಣ. ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ, ಸರ್ಕಾರದ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ ಡ್ರೋನ್ ಅನುಮತಿ ಕೇಳದೆ ನೆಲದಿಂದ 400 ಅಡಿ, ಅಂದರೆ 120 ಮೀಟರ್‌ವರೆಗೆ ಹೋಗಬಹುದು. ಜಗತ್ತಿನಾದ್ಯಂತ ಒಪ್ಪಿರುವ ವಾಯುಸಂಚಾರ ನಿಯಮದಂತೆ, ಕಣ್ಣಳತೆಯಲ್ಲಿ, ಅಂದರೆ ಪೈಲಟ್ ಹೊರಗೆ ನೋಡಿಕೊಂಡು ಹಾರಿಸುವ ವಿಮಾನ ಅಥವಾ ಹೆಲಿಕಾಪ್ಟರ್ ಬಯಲು ಸೀಮೆಯ ಮೇಲೆ ನೆಲದಿಂದ 500 ಅಡಿಗಿಂತ ಕೆಳಗೆ ಬರಬಾರದು. ಊರು, ಪೇಟೆ, ಜನಸಂದಣಿಯ ಮೇಲಾದರೆ 600 ಮೀಟರ್ ತ್ರಿಜ್ಯದೊಳಗಿನ ಅತಿ ಎತ್ತರದ ವಸ್ತುವಿಗಿಂತ 1000 ಅಡಿ ಮೇಲಿರಬೇಕು. ಏರುವಾಗ, ಇಳಿಯುವಾಗ, ವಿಶೇಷ ಅನುಮತಿ ಇದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಹಾಗಾದರೆ ಬಯಲಿನಲ್ಲಿ ಡ್ರೋನಿನ ಛಾವಣಿಗೂ ಹೆಲಿಕಾಪ್ಟರಿನ ನೆಲಕ್ಕೂ ನಡುವೆ ಉಳಿದದ್ದು 100 ಅಡಿ. ಎತ್ತರದ ತೆಂಗಿನ ಮರ ಒಂದರಷ್ಟು.

ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ದುರ್ಗ–ದಾವಣಗೆರೆಯ ನೆಲದ ಮೇಲೆ ಈ ನೂರು ಅಡಿಯನ್ನು ನಂಬಿ ಹಾರುವಂತಿಲ್ಲ. ನೆಲದ ಏರಿಳಿತ, ಎತ್ತರ ತೋರಿಸುವ ಉಪಕರಣದ ತಪ್ಪು, ಗುಡ್ಡದ ಮೇಲಿನ ಗಾಳಿಯಂತ್ರ, ಈ ಮೂರರಲ್ಲಿ ಒಂದೇ ಸಾಕು ಅದನ್ನು ನುಂಗಿಹಾಕಲು.

ಮೊದಲು ನೆಲದ ಮಾತು. ಡ್ರೋನ್ ತಾನು ಎದ್ದ ಜಾಗವನ್ನು ಸೊನ್ನೆ ಎಂದು ಹಿಡಿಯುತ್ತದೆ. ಪರದೆಯ ಮೇಲೆ 110 ಮೀಟರ್ ಎಂದು ತೋರಿಸಿದರೆ ಅದು ಎದ್ದ ಜಾಗದಿಂದ 110, ಆ ಕ್ಷಣ ಅದರ ಕೆಳಗಿರುವ ನೆಲದಿಂದ ಅಲ್ಲ. ಚಿತ್ರದುರ್ಗದ ಸುತ್ತ ಬೆಟ್ಟದ ಸಾಲು ಹೇಗಿದೆ ಎಂಬುದು ಇಲ್ಲಿಯವರಿಗೆ ಹೇಳಬೇಕಿಲ್ಲ. ಕಣಿವೆಗಿಂತ 80 ಮೀಟರ್ ಎತ್ತರದ ದಿಣ್ಣೆಯ ಮೇಲೆ ನಿಂತು ಡ್ರೋನ್ ಎಬ್ಬಿಸಿ, 110ಕ್ಕೆ ನಿಲ್ಲಿಸಿ, ಕಣಿವೆಯ ಮೇಲೆ ಕಳಿಸಿದರೆ ಅದು ನಿಜವಾಗಿ ನೆಲದಿಂದ 190 ಮೀಟರ್ ಮೇಲಿದೆ. ಅಡಿಯಲ್ಲಿ ಹೇಳುವುದಾದರೆ 620ಕ್ಕೂ ಹೆಚ್ಚು. ಹಾರಿಸುವವನ ಪರದೆ 'ನಿಯಮದೊಳಗೆ' ಎನ್ನುತ್ತಿದೆ, ಡ್ರೋನ್ ಮಾತ್ರ ಹೆಲಿಕಾಪ್ಟರಿನ ದಾರಿಯ ನಟ್ಟನಡುವೆ ಕುಳಿತಿದೆ. ಸರ್ವೆ ಮಾಡುವವರಿಗೆ ಇದಕ್ಕೆ ಪರಿಹಾರವಿದೆ. ನೆಲದ ಏರಿಳಿತದ ನಕ್ಷೆಯನ್ನು ಮೊದಲೇ ತುಂಬಿ, ಡ್ರೋನ್ ನೆಲವನ್ನು ಅನುಸರಿಸಿ ಏರಿಳಿಯುವಂತೆ ಮಾಡಬಹುದು. ಆ ಸೌಲಭ್ಯ ಇಲ್ಲದಿದ್ದರೆ ಹಾರಾಟದ ಜಾಗದಲ್ಲಿ ಅತಿ ತಗ್ಗಿನ ಸ್ಥಳದಿಂದಲೇ ಎಬ್ಬಿಸಬೇಕು. ಆಗ ದಿಣ್ಣೆಯ ಮೇಲೆ ಹೋದಾಗ ಡ್ರೋನ್ ನೆಲಕ್ಕೆ ಹತ್ತಿರವಾಗುತ್ತದೆ, ಗುಡ್ಡಕ್ಕೆ ಬಡಿಯದಂತೆ ಎತ್ತರ ಲೆಕ್ಕ ಹಾಕಿಕೊಂಡಿರಬೇಕು. 120 ಮೀಟರ್ ಮಾತ್ರ ಮೀರುವುದಿಲ್ಲ.

ಎರಡನೆಯದು ಉಪಕರಣ. ಹೆಲಿಕಾಪ್ಟರಿನ ಎತ್ತರಮಾಪಕ ಅಳೆಯುವುದು ಗಾಳಿಯ ಒತ್ತಡವನ್ನು. ಪೈಲಟ್ ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಆ ಹೊತ್ತಿನ ಸ್ಥಳೀಯ ಒತ್ತಡವನ್ನು, ಅವರ ಭಾಷೆಯಲ್ಲಿ ಕ್ಯುಎನ್‌ಎಚ್ ಅನ್ನು, ಒಂದು ಗುಬುಟು ತಿರುಗಿಸಿ ಕೂರಿಸುತ್ತಾನೆ. ಆಗ ಮುಳ್ಳು ಸಮುದ್ರಮಟ್ಟದಿಂದ ಇರುವ ಎತ್ತರ ತೋರಿಸುತ್ತದೆ. ಒತ್ತಡವನ್ನು ಅಳೆಯುವುದು ಹೆಕ್ಟೋಪಾಸ್ಕಲ್‌ಗಳಲ್ಲಿ; ಕೆಳ ಆಕಾಶದಲ್ಲಿ ಒಂದು ಹೆಕ್ಟೋಪಾಸ್ಕಲ್ ವ್ಯತ್ಯಾಸ ಅಂದರೆ ಎತ್ತರದಲ್ಲಿ ಸುಮಾರು 28 ಅಡಿ. ಮಳೆಗಾಲದಲ್ಲಿ ನಮ್ಮ ಕಡೆ ಒತ್ತಡ 1006ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಪೈಲಟ್ ಪ್ರಮಾಣಿತ 1013ರಲ್ಲೇ ಬಿಟ್ಟಿದ್ದರೆ 7 ಹೆಕ್ಟೋಪಾಸ್ಕಲ್ ವ್ಯತ್ಯಾಸ, ಅಂದರೆ ಮುಳ್ಳು ತೋರಿಸುವುದಕ್ಕಿಂತ ಅವನು ಸುಮಾರು 200 ಅಡಿ ಕೆಳಗಿದ್ದಾನೆ. ನಮ್ಮ ನೂರು ಅಡಿಯ ಅಂತರ ಎರಡು ಸಲ ಮುಗಿದುಹೋಯಿತು. ವಿಮಾನ ನಿಲ್ದಾಣವಿರುವ ಕಡೆ ಈ ಒತ್ತಡವನ್ನು ರೇಡಿಯೊದಲ್ಲಿ ಹೇಳುತ್ತಾರೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಪ್ರಯಾಣಿಕ ವಿಮಾನ ನಿಲ್ದಾಣ ಇಲ್ಲ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆಯದ್ದೇ ದಾವಣಗೆರೆಗೆ ಹತ್ತಿರದ್ದು. ಹೀಗಾಗಿ ಇಲ್ಲಿ ಬಂದಿಳಿಯುವ ಪೈಲಟ್ ದೂರದ ನಿಲ್ದಾಣದ ಒತ್ತಡ ನೆಚ್ಚಿಕೊಂಡೇ ಬರುತ್ತಾನೆ.

ಇದರ ಜೊತೆ ಸಮುದ್ರಮಟ್ಟದ ಲೆಕ್ಕವೂ ಸೇರಿಕೊಳ್ಳುತ್ತದೆ. ಚಿತ್ರದುರ್ಗ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 730 ಮೀಟರ್, ಅಂದರೆ 2400 ಅಡಿ ಮೇಲಿದೆ. ದಾವಣಗೆರೆ ಸುಮಾರು 600 ಮೀಟರ್. ಮುಳ್ಳು 3000 ಅಡಿ ತೋರಿಸುತ್ತಿದ್ದರೆ ಕರಾವಳಿಯ ಪೈಲಟ್‌ಗೆ ಅದು ಬೇಕಾದಷ್ಟು ಎತ್ತರ. ಚಿತ್ರದುರ್ಗದ ಮೇಲೆ ಅದು ನೆಲದಿಂದ ಬರೀ 600 ಅಡಿ, ಬೆಟ್ಟದ ಕಡೆ ತಿರುಗಿದರೆ ಅಷ್ಟೂ ಇಲ್ಲ.

ಮೂರನೆಯದು ಗಾಳಿಯಂತ್ರ. ಜೋಗಿಮಟ್ಟಿಯ ಕಡೆಯ ಹಳೆಯ ಯಂತ್ರಗಳಿಗಿಂತ ಈಚೆಗೆ ಬಯಲಿನಲ್ಲಿ ನಿಲ್ಲಿಸುತ್ತಿರುವ ಯಂತ್ರಗಳು ಬಹಳ ಎತ್ತರ. ಹೊಸ ಪೀಳಿಗೆಯ ಯಂತ್ರದ ರೆಕ್ಕೆ ನೆಟ್ಟಗೆ ಮೇಲೆದ್ದಾಗ ತುದಿ 150ರಿಂದ 200 ಮೀಟರ್ ಮುಟ್ಟುತ್ತದೆ. 200 ಮೀಟರ್ ಅಂದರೆ 650 ಅಡಿ. ನೆಲದಿಂದ 500 ಅಡಿ ಎಂಬ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಪೈಲಟ್ ಕೂಡ ಆ ರೆಕ್ಕೆಗಿಂತ ಕೆಳಗಿರುತ್ತಾನೆ! ಎಚ್ಚರಿಕೆಯ ಕೆಂಪು ದೀಪ ಇರುವುದು ಕಂಬದ ತಲೆಯ ಪೆಟ್ಟಿಗೆಯ ಮೇಲೆ, ರೆಕ್ಕೆಯ ತುದಿಯಲ್ಲಲ್ಲ. ದೀಪದಿಂದ ಮೇಲೆ ಇನ್ನೂ 50–70 ಮೀಟರ್ ರೆಕ್ಕೆ ಕತ್ತಲಲ್ಲಿ ತಿರುಗುತ್ತಿರುತ್ತದೆ. ಮುಸ್ಸಂಜೆಯಲ್ಲಿ ದೀಪ ನೋಡಿ 'ಇಷ್ಟೇ ಎತ್ತರ' ಎಂದು ಅಂದಾಜು ಮಾಡುವುದು ಅತ್ಯಂತ ಅಪಾಯದ ತಪ್ಪು. ಯಂತ್ರದ ಗಾಳಿಮರೆಯ ಕಡೆ ರೆಕ್ಕೆ ಸುತ್ತುವ ವೃತ್ತದ ಅಗಲದ ಹಲವು ಪಟ್ಟು ದೂರದವರೆಗೆ ಗಾಳಿ ಸುಳಿಸುಳಿಯಾಗಿ ಕಲಕಿಹೋಗಿರುತ್ತದೆ. ಅಲ್ಲಿ ಸಣ್ಣ ಡ್ರೋನ್ ನಿಲ್ಲುವುದಿಲ್ಲ, ಓಲಾಡುತ್ತದೆ. ಗಾಳಿಯಂತ್ರದ ರೆಕ್ಕೆ ಪರೀಕ್ಷೆಗೆ ಡ್ರೋನ್ ಬಳಸುವವರು ಯಂತ್ರ ನಿಲ್ಲಿಸಿಯೇ ಹಾರಿಸುವುದು ಅದಕ್ಕೇ.

ಹೆಲಿಕಾಪ್ಟರ್ ಪೈಲಟ್‌ಗಳ ನಡುವಿನ ಪದ್ಧತಿ ಏನು ಎಂಬುದು ಡ್ರೋನ್ ಹಾರಿಸುವವರಿಗೂ ಗೊತ್ತಿರಬೇಕು. ಅವನು ಯಾವ ಕಡೆ ತಿರುಗುತ್ತಾನೆ ಎಂದು ಊಹಿಸಲು ಅದೊಂದೇ ದಾರಿ. ನಮ್ಮ ರಸ್ತೆಯಲ್ಲಿ ಎಡಕ್ಕೆ, ಆಕಾಶದಲ್ಲಿ ಬಲಕ್ಕೆ. ಎರಡು ವಿಮಾನ ಎದುರುಬದುರು ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗುತ್ತಾರೆ. ಅಡ್ಡ ಬಂದರೆ, ಯಾರ ಬಲಗಡೆಯಿಂದ ಇನ್ನೊಂದು ಬರುತ್ತಿದೆಯೋ ಅವರು ದಾರಿ ಬಿಡಬೇಕು. ಹಿಂದಿನಿಂದ ಬಂದು ದಾಟುವವರು ಮುಂದಿನವರ ಬಲಗಡೆಯಿಂದ ದಾಟಬೇಕು, ಪೂರ್ತಿ ದಾಟಿ ದೂರವಾಗುವವರೆಗೂ ಜವಾಬ್ದಾರಿ ಹಿಂದಿನವರದ್ದೇ. ಇಳಿಯುತ್ತಿರುವವರಿಗೆ ಹಾರುತ್ತಿರುವವರು ದಾರಿ ಬಿಡಬೇಕು. ಇಬ್ಬರೂ ಇಳಿಯಲು ಬರುತ್ತಿದ್ದರೆ ಕೆಳಗಿರುವವರಿಗೆ ಮೊದಲು, ಆದರೆ ಆ ನೆಪದಲ್ಲಿ ಇನ್ನೊಬ್ಬರ ಮುಂದೆ ನುಗ್ಗುವಂತಿಲ್ಲ. ಎಂಜಿನ್ ಇಲ್ಲದ ಗ್ಲೈಡರ್, ಬಲೂನುಗಳಿಗೆ ಎಂಜಿನ್ ಇರುವವರು ದಾರಿ ಬಿಡಬೇಕು. ಸಂಕಟದಲ್ಲಿರುವ ವಿಮಾನಕ್ಕೆ ಎಲ್ಲರೂ.

ರಾತ್ರಿಯ ದೀಪಗಳ ಜೋಡಣೆ ಇದೇ ನಿಯಮವನ್ನು ಕಣ್ಣಿಗೆ ಹೇಳುತ್ತದೆ. ವಿಮಾನದ ಎಡ ರೆಕ್ಕೆಗೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ. ಅಡ್ಡ ಬರುತ್ತಿರುವ ವಿಮಾನದ ಕೆಂಪು ದೀಪ ನಿಮಗೆ ಕಂಡರೆ ಅದು ನಿಮ್ಮ ಬಲದಿಂದ ಎಡಕ್ಕೆ ಸಾಗುತ್ತಿದೆ, ಅಂದರೆ ದಾರಿ ಬಿಡಬೇಕಾದವರು ನೀವು. ಹಸಿರು ಕಂಡರೆ ನೀವು ದಿಕ್ಕು, ವೇಗ ಬದಲಿಸದೆ ಸಾಗಬೇಕು. ಇಲ್ಲಿ ಒಳ್ಳೆಯತನ ತೋರಿಸಿ ಪಕ್ಕಕ್ಕೆ ಸರಿದರೆ ಇನ್ನೊಬ್ಬನ ಲೆಕ್ಕ ತಪ್ಪುತ್ತದೆ.

ಹೆದ್ದಾರಿ, ರೈಲು ಹಳಿ, ನದಿಯನ್ನು ಗುರುತು ಹಿಡಿದು ಹಾರುವಾಗ ಅದನ್ನು ತನ್ನ ಎಡಕ್ಕೆ ಇಟ್ಟುಕೊಂಡು ಬಲಬದಿಯಲ್ಲಿ ಹಾರುವುದು ಪೈಲಟ್‌ಗಳ ವಾಡಿಕೆ. ಎದುರಿನಿಂದ ಬರುವವನೂ ಹಾಗೇ ಮಾಡಿದರೆ ಇಬ್ಬರ ನಡುವೆ ಹೆದ್ದಾರಿ ಇರುತ್ತದೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 48 ಮೇಲಿನಿಂದ ನೋಡಿದರೆ ಗೆರೆ ಎಳೆದಂತೆ ಕಾಣುವ ಗುರುತು. ಹೆದ್ದಾರಿ ಸರ್ವೆಗೆ 100 ಮೀಟರ್‌ನಲ್ಲಿ ಡ್ರೋನ್ ಬಿಡುವ ತಂಡಗಳು ಇದನ್ನು ಮರೆಯಬಾರದು. ಮೋಡ ತಗ್ಗಿದ ದಿನ ಹೆಲಿಕಾಪ್ಟರ್ ಹೆದ್ದಾರಿಯನ್ನು ಇನ್ನಷ್ಟು ಅವಚಿಕೊಂಡು, ಇನ್ನಷ್ಟು ಕೆಳಗೆ ಬರುತ್ತದೆ. ಕಣ್ಣಳತೆಯ ಹಾರಾಟಕ್ಕೆ ಸಾಮಾನ್ಯವಾಗಿ 10,000 ಅಡಿಯ ಕೆಳಗೆ 5 ಕಿ.ಮೀ. ನೋಟ ಬೇಕು, ಮೋಡದಿಂದ ಅಡ್ಡಕ್ಕೆ 1500 ಮೀಟರ್, ಮೇಲೆ–ಕೆಳಗೆ 1000 ಅಡಿ ದೂರವಿರಬೇಕು. ನಿಯಂತ್ರಣ ಇಲ್ಲದ ಕೆಳ ಆಕಾಶದಲ್ಲಿ ಈ ಮೋಡದ ಅಂತರ ಸಡಿಲವಾಗುತ್ತದೆ, ಮೋಡದೊಳಗೆ ಹೋಗದೆ ನೆಲ ಕಾಣುತ್ತಿದ್ದರೆ ಸಾಕು. ಆಷಾಢ, ಶ್ರಾವಣದಲ್ಲಿ ದುರ್ಗದ ಬೆಟ್ಟಗಳ ತಲೆಯ ಮೇಲೆ ಮೋಡ ಕೂತಾಗ ಪೈಲಟ್‌ಗೆ ಉಳಿಯುವುದು ಆ ಸಡಿಲ ನಿಯಮ ಮತ್ತು ಹೆದ್ದಾರಿಯ ಗೆರೆ.

'ಹೆಲಿಕಾಪ್ಟರಿನವರು ನಮ್ಮ ಡ್ರೋನ್ ನೋಡಿ ತಪ್ಪಿಸಿಕೊಳ್ಳುತ್ತಾರೆ' ಎಂಬ ನಂಬಿಕೆ ಇದೆ. ಇದನ್ನು ಬುಡಸಮೇತ ಕೀಳಬೇಕು. ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳ ತರಬೇತಿಗೆ ಒಂದು ಲೆಕ್ಕ ಕೊಟ್ಟಿದೆ. ಆಕಾಶದಲ್ಲಿ ಒಂದು ವಸ್ತು ಕಣ್ಣಿಗೆ ಬಿದ್ದು, ಅದೇನೆಂದು ಗುರುತು ಹತ್ತಿ, ಡಿಕ್ಕಿಯಾಗುತ್ತದೆ ಎಂದು ಅರಿವಾಗಿ, ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸಿ, ಕೈ ಆಡಿ, ವಿಮಾನ ಮಣಿಯುವ ಹೊತ್ತಿಗೆ 12.5 ಸೆಕೆಂಡು ಆಗುತ್ತದೆ. ಇದರಲ್ಲಿ ಅರಿವಾಗಲು 5, ತೀರ್ಮಾನಕ್ಕೆ 4 ಸೆಕೆಂಡು. ಹೆಲಿಕಾಪ್ಟರ್ ಗಂಟೆಗೆ 216 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ 60 ಮೀಟರ್. 12.5 ಸೆಕೆಂಡಿನಲ್ಲಿ ಅದು 750 ಮೀಟರ್ ಮುಂದೆ ಬಂದಿರುತ್ತದೆ. ಮೊಳದುದ್ದದ ಕ್ಯಾಮೆರಾ ಡ್ರೋನ್ ಮುನ್ನೂರು, ನಾನೂರು ಮೀಟರ್ ದೂರ ಹೋದರೆ ಅದನ್ನು ಹಾರಿಸುತ್ತಿರುವವನ ಕಣ್ಣಿಗೇ ಹತ್ತುವುದಿಲ್ಲ. 750 ಮೀಟರ್ ದೂರದಿಂದ, ಅದೂ ಓಡುವ ಹೆಲಿಕಾಪ್ಟರಿನ ಗಾಜಿನ ಹಿಂದಿನಿಂದ, ಬೆಳೆಯ ಹಿನ್ನೆಲೆಯಲ್ಲಿ, ಪೈಲಟ್‌ಗೆ ಅದು ಕಾಣುವ ಮಾತೇ ಇಲ್ಲ. ಇನ್ನೊಂದು ಸೂಕ್ಷ್ಮ: ಡಿಕ್ಕಿಯ ದಾರಿಯಲ್ಲಿರುವ ವಸ್ತು ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ, ಒಂದೇ ಕಡೆ ಚುಕ್ಕೆಯಂತೆ ನಿಂತು ಕೊನೆಯ ಕ್ಷಣದಲ್ಲಿ ದೊಡ್ಡದಾಗುತ್ತದೆ. ಮನುಷ್ಯನ ಕಣ್ಣು ಸರಿಯುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಹಿಡಿಯುವುದಿಲ್ಲ.

ಡ್ರೋನ್ ನಿಯಮಗಳು ಜನ ಕೂತು ಹಾರಿಸುವ ವಿಮಾನಕ್ಕೆ ಡ್ರೋನ್ ಯಾವಾಗಲೂ ದಾರಿ ಬಿಡಬೇಕು, ಅದರಿಂದ ದೂರವಿರಬೇಕು ಎಂದು ಹೇಳಿರುವುದು ಇದಕ್ಕೇ. ಇಲ್ಲಿ ಬಲ, ಎಡದ ಲೆಕ್ಕವೇ ಇಲ್ಲ. ಆದರೆ ದಾರಿ ಬಿಡಲು ಡ್ರೋನಿಗೂ ಹೊತ್ತು ಬೇಕು. 100 ಮೀಟರ್ ಮೇಲಿರುವ ಡ್ರೋನ್ ಸೆಕೆಂಡಿಗೆ 3 ಮೀಟರ್‌ನಂತೆ ಇಳಿದರೆ ನೆಲ ಮುಟ್ಟಲು 33 ಸೆಕೆಂಡು. ಹೆಲಿಕಾಪ್ಟರ್ 1 ಕಿ.ಮೀ. ದೂರದಲ್ಲಿ ಕಂಡ ಮೇಲೆ ಉಳಿಯುವುದು 17 ಸೆಕೆಂಡು. ಆದ್ದರಿಂದ ಕಾಣುವವರೆಗೆ ಕಾಯಬಾರದು. ಶಬ್ದ ಕೇಳಿದ ಕೂಡಲೇ ಇಳಿಸಬೇಕು. ಯಾವ ದಿಕ್ಕು, ಎಷ್ಟು ದೂರ ಎಂದು ಆಕಾಶ ಹುಡುಕುತ್ತ ನಿಲ್ಲುವುದು ಬೇಡ, ಮೊದಲು ರಿಮೋಟಿನ ಕಡ್ಡಿ ಕೆಳಕ್ಕೆ, ಆಮೇಲೆ ಹುಡುಕಾಟ. ಪಕ್ಕಕ್ಕೆ ಓಡಿಸುವುದಕ್ಕಿಂತ ನೆಟ್ಟಗೆ ಇಳಿಸುವುದು ಮೇಲು, ಏಕೆಂದರೆ 30 ಮೀಟರ್‌ಗಿಂತ ಕೆಳಗೆ ಬಂದರೆ ಮರಗಳ ಮಟ್ಟಕ್ಕೆ ಬಂದಂತೆ, ಹಾರಾಟದಲ್ಲಿರುವ ಹೆಲಿಕಾಪ್ಟರ್ ಅಲ್ಲಿಗೆ ಬರುವುದಿಲ್ಲ. ಪಂಪ್‌ಸೆಟ್, ಟ್ರ್ಯಾಕ್ಟರ್ ಸದ್ದಿನ ನಡುವೆ ಹೆಲಿಕಾಪ್ಟರ್ ಸದ್ದು ತಡವಾಗಿ ಕೇಳುತ್ತದೆ. ಅದಕ್ಕೇ ಹಾರಿಸುವವನ ಜೊತೆ ಬರೀ ಆಕಾಶ ನೋಡುವ, ಕಿವಿಗೊಡುವ ಇನ್ನೊಬ್ಬರು ಇರಬೇಕು. ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಜಾತ್ರೆ, ಸಮಾವೇಶಗಳ ಮಾತು ಬೇರೆಯೇ. ಹೆಲಿಕಾಪ್ಟರ್ ಕಾಲೇಜು ಮೈದಾನಕ್ಕೆ ಇಳಿಯುವಾಗ, ವಿಶೇಷ ಅನುಮತಿಯಿಂದ ತೇರಿನ ಮೇಲೆ ಹೂ ಸುರಿಸುವಾಗ 500 ಅಡಿಯ ನಿಯಮ ಇಲ್ಲವೇ ಇಲ್ಲ. ಅದು ನೇರ ಡ್ರೋನುಗಳ ಆಕಾಶದೊಳಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ನಾಲ್ಕಾರು ವಿಡಿಯೊ ಡ್ರೋನುಗಳು ಅದನ್ನೇ ಸೆರೆಹಿಡಿಯಲು ಮೇಲೆದ್ದಿರುತ್ತವೆ. ಬಾಲದ ಸಣ್ಣ ರೆಕ್ಕೆಗೆ ಅರ್ಧ ಕಿಲೋ ಡ್ರೋನ್ ಬಡಿದರೂ ಹೆಲಿಕಾಪ್ಟರ್ ಹಿಡಿತ ತಪ್ಪಿ ಗಿರಗಿರನೆ ಸುತ್ತಬಹುದು, ಕೆಳಗೆ ಸಾವಿರಾರು ಜನ. ಇಂಥ ಸಂದರ್ಭಕ್ಕೆಂದೇ ನಿಯಮದಲ್ಲಿ ಒಂದು ಅಧಿಕಾರವಿದೆ. ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಮೂಲಕ ಒಂದು ಜಾಗವನ್ನು 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯ, ಅಂದರೆ ಡ್ರೋನ್ ಹಾರಿಸಬಾರದ ಜಾಗ, ಎಂದು ಸಾರಬಹುದು. ಗಣ್ಯರು ಬಂದಾಗ ಬಳಸುವ ಈ ಅಧಿಕಾರವನ್ನು ಹೂಮಳೆಯ ಕಾರ್ಯಕ್ರಮಕ್ಕೂ ಬಳಸಬೇಕು. ಹೆಲಿಕಾಪ್ಟರ್ ಗೊತ್ತು ಮಾಡುವ ಸಮಿತಿಯವರು ವಿಡಿಯೊದವರಿಗೆ 'ಆ ಅರ್ಧ ಗಂಟೆ ಡ್ರೋನ್ ನೆಲದ ಮೇಲೆ' ಎಂದು ಮೊದಲೇ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು.

ಚಳ್ಳಕೆರೆ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಕುದಾಪುರದ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳ ಪರೀಕ್ಷೆ ಅಲ್ಲಿನ ನಿತ್ಯದ ಕೆಲಸ. ಇಸ್ರೊ ತನ್ನ ಮರುಬಳಕೆಯ ರಾಕೆಟ್ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ 4.5 ಕಿ.ಮೀ. ಮೇಲೆ ಒಯ್ದು ಬಿಟ್ಟು, ಅದು ತಾನಾಗಿ ಇಲ್ಲಿನ ಓಡುಹಾದಿಯಲ್ಲಿ ಇಳಿಯುವ ಪ್ರಯೋಗವನ್ನು 2023ರ ಏಪ್ರಿಲ್ 2ರಂದು ಮಾಡಿತು. 2024ರಲ್ಲಿ ಮತ್ತೆರಡು ಸಲ ಮಾಡಿತು. ಇಂಥ ಪರೀಕ್ಷೆಗಳಿಗೆ ಮೊದಲು ವಿಮಾನಯಾನಿಗಳಿಗೆ ನೋಟಾಮ್ ಎಂಬ ಸೂಚನೆ ಹೊರಡುತ್ತದೆ. ಇಂತಿಂಥ ಅಕ್ಷಾಂಶ–ರೇಖಾಂಶಗಳ ನಡುವೆ, ಇಷ್ಟು ಎತ್ತರದವರೆಗೆ, ಈ ಗಂಟೆಯಿಂದ ಈ ಗಂಟೆಯವರೆಗೆ ಯಾರೂ ಬರಬೇಡಿ ಎಂಬುದು ಅದರ ಸಾರ. ಅದರಲ್ಲಿನ ಸಮಯ ಗ್ರೀನಿಚ್ ಕಾಲದ್ದು, 5 ಗಂಟೆ 30 ನಿಮಿಷ ಕೂಡಿಸಿಕೊಳ್ಳಬೇಕು. ಇದನ್ನು ಮರೆತು ಬೆಳಗಿನ ನಿರ್ಬಂಧವನ್ನು ನಸುಕಿನದೆಂದು ಓದಿಕೊಳ್ಳುವುದು ಹೊಸಬರು ಪದೇ ಪದೇ ಮಾಡುವ ತಪ್ಪು. ಶೇಂಗಾ ಹೊಲಕ್ಕೆ ಔಷಧಿ ಹೊಡೆಯುವವರು ನೋಟಾಮ್ ಓದುತ್ತ ಕೂರಬೇಕಿಲ್ಲ, ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ತಮ್ಮ ಹೊಲ ಯಾವ ಬಣ್ಣದಲ್ಲಿದೆ ಎಂದು ಹಾರಾಟದ ದಿನವೇ ನೋಡಬೇಕು. ಕಳೆದ ವಾರ ಹಸಿರಿತ್ತು ಎಂಬುದು ಸಾಲದು, ನಕ್ಷೆ ಬದಲಾಗುತ್ತದೆ. ಹಸಿರಿಗೆ ಅನುಮತಿ ಬೇಡ, ಹಳದಿಗೆ ವಾಯುಸಂಚಾರ ನಿಯಂತ್ರಣದ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು.

ಕಾಗದಪತ್ರದ ವಿಷಯ ಚುಟುಕಾಗಿ. ಸಿಂಪಡಣೆಯ 10 ಲೀಟರ್ ಡ್ರೋನುಗಳು ತುಂಬಿದ ಟ್ಯಾಂಕಿನೊಂದಿಗೆ ಸಾಮಾನ್ಯವಾಗಿ 25 ಕಿಲೋ ಒಳಗಿನ 'ಸಣ್ಣ' ವರ್ಗದವು. ಇವಕ್ಕೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ ಮಾನ್ಯತೆ ಪಡೆದ ಸಂಸ್ಥೆಯ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ ವಯಸ್ಸು 18ರಿಂದ 65, ಹತ್ತನೇ ತರಗತಿ ಪಾಸಾಗಿರಬೇಕು, ಪ್ರಮಾಣಪತ್ರದ ಆಯಸ್ಸು 10 ವರ್ಷ. ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘದ ಮಹಿಳೆಯರಿಗೆ ಕೊಡುವ 15 ದಿನದ ತರಬೇತಿಯಲ್ಲಿ 5 ದಿನ ಪೈಲಟ್ ತರಬೇತಿ, 10 ದಿನ ಕೃಷಿ ಕೆಲಸದ ತರಬೇತಿ. ಪೈಲಟ್ ಭಾಗ ಐದೇ ದಿನದ್ದು. ಆ ಐದು ದಿನ ಮುಗಿಸಿ ಊರಿಗೆ ಬಂದವರಿಗೆ ನಿಜವಾಗಿ ಬೇಕಾಗುವುದು ಈ ನೆಲ, ಈ ಗಾಳಿ, ಈ ತಂತಿಗಳ ಪಾಠ.

ಗಾಳಿಯ ಪಾಠ ಹೀಗಿದೆ. ನೆಲದ ಬಳಿ ಎಲೆ ಅಲುಗುವಷ್ಟೇ ಗಾಳಿ ಇದ್ದರೂ 60 ಮೀಟರ್ ಮೇಲೆ ಅದು ಒಂದೂವರೆಯಿಂದ ಎರಡು ಪಟ್ಟು ಇರುತ್ತದೆ. ಗಾಳಿಯಂತ್ರದವರು ಅಷ್ಟು ಎತ್ತರದ ಕಂಬ ಹಾಕುವುದೇ ಅದಕ್ಕಾಗಿ. ಸೆಕೆಂಡಿಗೆ 10 ಮೀಟರ್ ಓಡಬಲ್ಲ ಡ್ರೋನ್ 8 ಮೀಟರ್ ಗಾಳಿಗೆ ಎದುರಾಗಿ ಮರಳಿದರೆ ನೆಲದ ಮೇಲಿನ ಅದರ ವೇಗ 2 ಮೀಟರ್. ಗಾಳಿಯ ಜೊತೆ ಅರ್ಧ ನಿಮಿಷದೊಳಗೆ ದಾಟಿದ 400 ಮೀಟರ್ ದೂರವನ್ನು ವಾಪಸು ಬರಲು 200 ಸೆಕೆಂಡು ಹಿಡಿಯುತ್ತದೆ. ಬ್ಯಾಟರಿ ನಡುದಾರಿಯಲ್ಲಿ ಮುಗಿಯಬಹುದು. ಆದ್ದರಿಂದ ಆಷಾಢದ ಗಾಳಿಯಲ್ಲಿ ಮೊದಲು ಗಾಳಿಗೆ ಎದುರು ಹೋಗಿ, ಗಾಳಿಯ ಜೊತೆ ಮನೆಗೆ ಬರುವಂತೆ ದಾರಿ ಹಾಕಬೇಕು. ಸಿಂಪಡಣೆಗಂತೂ ಸೆಕೆಂಡಿಗೆ 3 ಮೀಟರ್ ಗಾಳಿ ದಾಟಿದರೆ ನಿಲ್ಲಿಸುವುದೇ ಲೇಸು. ಪಕ್ಕದ ಹಿಪ್ಪುನೇರಳೆಗೆ ಔಷಧಿಯ ತುಂತುರು ಹಾರಿದರೆ ಆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ.

ಬೇಸಿಗೆಯ ಪಾಠವನ್ನು ಬಹಳ ಕಡೆ ಹೇಳಿಕೊಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದಲ್ಲಿ 38 ಡಿಗ್ರಿ ಇದ್ದಾಗ ಅಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿಯ ಪ್ರಮಾಣಿತ ಗಾಳಿಗಿಂತ ಸುಮಾರು ನೂರಕ್ಕೆ 15ರಷ್ಟು ತೆಳು. ಪೈಲಟ್‌ಗಳ ಲೆಕ್ಕದಲ್ಲಿ 2400 ಅಡಿಯ ಊರು ಸುಮಾರು 5700 ಅಡಿಯ ಊರಿನಂತೆ ವರ್ತಿಸುತ್ತದೆ. ರೆಕ್ಕೆಗೆ ಕಚ್ಚಿಕೊಳ್ಳಲು ಗಾಳಿ ಸಾಲದೆ ಮೋಟಾರು ಹೆಚ್ಚು ಸುತ್ತಬೇಕು, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕೈಪಿಡಿಯಲ್ಲಿ 10 ಲೀಟರ್ ಎಂದಿದ್ದರೆ ಅಂಥ ಹೊತ್ತಿನಲ್ಲಿ 7–8 ಲೀಟರ್ ತುಂಬಿ. ಹೆಲಿಕಾಪ್ಟರಿನವರೂ ಇದೇ ಕಾರಣಕ್ಕೆ ಬೇಸಿಗೆಯ ಮಧ್ಯಾಹ್ನ ಪ್ರಯಾಣಿಕರನ್ನು ಅಥವಾ ಇಂಧನವನ್ನು ಕಡಿಮೆ ಮಾಡುತ್ತಾರೆ.

ಬ್ಯಾಟರಿಯ ಒಂದು ಮೋಸವಿದೆ. ಲಿಥಿಯಂ ಪಾಲಿಮರ್ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್. ಭಾರ ಹೊತ್ತು ಹಾರುವಾಗ 3.6ಕ್ಕೆ ಬಂದರೆ ಮರಳಬೇಕು, 3.5ರ ಹೊತ್ತಿಗೆ ನೆಲದ ಮೇಲಿರಬೇಕು. ಟ್ಯಾಂಕ್ ಖಾಲಿಯಾದ ಕೂಡಲೇ ಭಾರ ಇಳಿದು ವೋಲ್ಟೇಜು ಮತ್ತೆ ಮೇಲೇರಿದಂತೆ ಕಾಣುತ್ತದೆ. 'ಇನ್ನೂ ಚಾರ್ಜ್ ಇದೆ' ಎಂದು ಮತ್ತೊಂದು ಟ್ಯಾಂಕ್ ತುಂಬಿ ಎಬ್ಬಿಸಿದರೆ ಎರಡೇ ನಿಮಿಷದಲ್ಲಿ ವೋಲ್ಟೇಜು ಕುಸಿದು ಡ್ರೋನ್ ಬೆಳೆಯೊಳಗೆ ಬೀಳುತ್ತದೆ. ಪ್ರತಿ ಟ್ಯಾಂಕಿಗೆ ಹೊಸ ಬ್ಯಾಟರಿ ಎಂಬ ಶಿಸ್ತೇ ಇದಕ್ಕೆ ಮದ್ದು.

ಇನ್ನು ಮರಳುವ ಎತ್ತರ. ಸಿಗ್ನಲ್ ತಪ್ಪಿದಾಗ ಅಥವಾ ಟ್ಯಾಂಕ್ ಖಾಲಿಯಾದಾಗ ಡ್ರೋನ್ ತಾನಾಗಿ ಎದ್ದ ಜಾಗಕ್ಕೆ ಮರಳುತ್ತದೆ. ಮೊದಲು ನಿಗದಿಮಾಡಿದ ಎತ್ತರಕ್ಕೆ ಏರಿ, ಆಮೇಲೆ ನೇರ ಗೆರೆಯಲ್ಲಿ ಬರುತ್ತದೆ. ಕಾರ್ಖಾನೆಯಲ್ಲಿ ಕೂರಿಸಿದ ಅಂಕಿಯನ್ನೇ ಬಹಳ ಜನ ಬಿಟ್ಟಿರುತ್ತಾರೆ. ಭದ್ರಾ ಅಚ್ಚುಕಟ್ಟಿನ ಬಯಲು ಗದ್ದೆಯಲ್ಲಿ 10 ಮೀಟರ್ ನಡೆದೀತು. ಆದರೆ ಅಲ್ಲೂ ಅದಕ್ಕಿಂತ ಸ್ವಲ್ಪವೇ ಕೆಳಗೆ 11 ಕೆವಿ ವಿದ್ಯುತ್ ತಂತಿ ಹಾದಿರುತ್ತದೆ, ಡ್ರೋನಿನ ಅಡೆತಡೆ ಗುರುತಿಸುವ ಸಾಧನಕ್ಕೆ ತೆಳು ತಂತಿ ಕಾಣುವುದಿಲ್ಲ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದ ಬಳಿ 10 ಮೀಟರ್ ಎಂದರೆ ನೇರ ಹೊಂಬಾಳೆಗೆ ಹೋಗಿ ಬಡಿದಂತೆ. ಹಾರಾಟದ ಮೊದಲು ಹೊಲದ ಸುತ್ತ ಒಂದು ಸುತ್ತು ನಡೆದು, ಅತಿ ಎತ್ತರದ ಮರ ಅಥವಾ ಕಂಬ ಗುರುತಿಸಿ, ಅದಕ್ಕೆ 10 ಮೀಟರ್ ಕೂಡಿಸಿ ಮರಳುವ ಎತ್ತರ ಇಡಿ. ತೆಂಗಿನ ಮರ 25 ಇದ್ದರೆ 35. ಕಂಬದಿಂದ ಕಂಬಕ್ಕೆ ತಂತಿ ಎಲ್ಲಿ ಹಾದಿದೆ ಎಂಬುದನ್ನು ಕಂಬ ನೋಡಿಯೇ ಊಹಿಸಬೇಕು, ಬಿಸಿಲಲ್ಲಿ ತಂತಿ ಕಣ್ಣಿಗೆ ಬೀಳುವುದಿಲ್ಲ.

ದಿಕ್ಸೂಚಿ ಸರಿಪಡಿಸುವುದನ್ನು ಟ್ರ್ಯಾಕ್ಟರ್ ಟ್ರೇಲರ್ ಮೇಲೆ, ಬೋರ್‌ವೆಲ್ ಕೇಸಿಂಗ್ ಪಕ್ಕ, ಕಬ್ಬಿಣದ ಸರಳಿರುವ ಕಣದ ಕಾಂಕ್ರೀಟ್ ಮೇಲೆ ಮಾಡಬೇಡಿ. ಅಲ್ಲಿ ಸರಿ ಎಂದು ತೋರಿಸಿ ಮೇಲೆದ್ದ ಡ್ರೋನ್ ಗಾಳಿಯಲ್ಲಿ ದೊಡ್ಡ ದೊಡ್ಡ ಸುತ್ತು ಹಾಕಲು ಶುರುಮಾಡುತ್ತದೆ. ಹಾಗಾದರೆ ಜಿಪಿಎಸ್ ನೆರವು ತೆಗೆದು ಕೈಹಿಡಿತಕ್ಕೆ ಬದಲಾಯಿಸಿ ಇಳಿಸಬೇಕು. ಇದನ್ನು ಖಾಲಿ ಟ್ಯಾಂಕಿನಲ್ಲಿ, ಖಾಲಿ ಹೊಲದಲ್ಲಿ ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಿರದವರು ಆ ಹೊತ್ತಿನಲ್ಲಿ ಮಾಡಲಾರರು.

ಏನಾದರೂ ಬಿದ್ದರೆ? 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಡಿಆರ್‌ಡಿಒದ ತಪಸ್ ಮಾನವರಹಿತ ವಿಮಾನ ಪರೀಕ್ಷೆಯ ವೇಳೆ ಹೊಲಕ್ಕೆ ಬಿತ್ತು. ಸುದ್ದಿ ಹರಡುತ್ತಿದ್ದಂತೆ ಜನ ಮೊಬೈಲ್ ಹಿಡಿದು ಸುತ್ತ ನೆರೆದರು. ದೊಡ್ಡದಿರಲಿ, ಸಣ್ಣದಿರಲಿ, ಬಿದ್ದ ಯಂತ್ರದ ಬಳಿ ಹೋಗಬೇಡಿ. ಒಡೆದ ಕಾರ್ಬನ್ ನಾರಿನ ಸಿಬರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ, ಪುಡಿ ಉಸಿರಿಗೂ ಕೆಟ್ಟದ್ದು. ಪೆಟ್ಟಾದ ಲಿಥಿಯಂ ಬ್ಯಾಟರಿ ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಹೊತ್ತಿಕೊಳ್ಳಬಹುದು. ಮಕ್ಕಳು, ದನಕರುಗಳನ್ನು ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ಆ ಬದಿಗೆ ಸರಿಸಿ, ಹೊಗೆ ನಿಮ್ಮ ಕಡೆ ಬರಬಾರದು. 112ಕ್ಕೆ ಕರೆ ಮಾಡಿ. ನಿಮ್ಮದೇ ಡ್ರೋನ್ ಆಗಿದ್ದರೆ ಬ್ಯಾಟರಿಯ ಮೇಲೆ ಒಣ ಮರಳು ಸುರಿಯಿರಿ, ತಣ್ಣಗಾದ ಮೇಲೂ ಒಂದು ಹಗಲು ರಾತ್ರಿ ಮನೆಯೊಳಗೆ, ಕಣಜದ ಬಳಿ, ಹುಲ್ಲಿನ ಬಣವೆಯ ಬಳಿ ತರಬೇಡಿ. ಹಾರಾಟದ ದಾಖಲೆ ಡ್ರೋನಿನ ಕಾರ್ಡಿನಲ್ಲಿ ಉಳಿದಿರುತ್ತದೆ, ಅದನ್ನು ಅಳಿಸದೆ ತೆಗೆದಿಡಿ. ಅಪಘಾತದ ವರದಿಯನ್ನು 48 ಗಂಟೆಯೊಳಗೆ ಡಿಜಿಟಲ್ ಸ್ಕೈ ಮೂಲಕ ಕೊಡಬೇಕು. ಬೀಳುವ ಮೊದಲು ಹೆಲಿಕಾಪ್ಟರ್ ಹತ್ತಿರ ಬಂದಿತ್ತು ಎಂದಾದರೆ ಹೊತ್ತು, ದಿಕ್ಕು, ಅಂದಾಜು ಎತ್ತರವನ್ನು ನೆನಪು ಹಸಿಯಾಗಿರುವಾಗಲೇ, ಹೊಲದ ಬದುವಿನಲ್ಲೇ ಕೂತು ಬರೆದಿಡಿ.